ಪಟ್ಟಾಭಿಷೇಕದ ಆಮೇಲಿನ ಕಥೆ: ಉತ್ತರ ಕನ್ನಡದಲ್ಲಿ ಆಟ ನೋಡಲು ಹೊರಟವರಿಗೆ

ಕುರುಕ್ಷೇತ್ರ ಮುಗಿಯಿತು, ಧರ್ಮರಾಯ ಸಿಂಹಾಸನ ಏರಿದ. ನಮ್ಮಲ್ಲಿ ಜಾಸ್ತಿ ಜನರಿಗೆ ಮಹಾಭಾರತ ಅಲ್ಲಿಗೆ ಮುಗಿಯುತ್ತದೆ. ರಾವಣ ಸತ್ತ, ರಾಮನಿಗೆ ಪಟ್ಟವಾಯಿತು. ರಾಮಾಯಣವೂ ಅಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಹೊನ್ನಾವರ, ಕುಮಟಾ, ಶಿರಸಿ, ಸಿದ್ದಾಪುರದ ಕಡೆ ಒಂದು ಯಕ್ಷಗಾನದ ಆಟಕ್ಕೆ ಹೋಗಿ ಕೂತರೆ ಗೊತ್ತಾಗುತ್ತದೆ, ಕಥೆ ಇನ್ನೂ ಬೇಕಾದಷ್ಟು ಇದೆ. ಗೆದ್ದವರು ಗೆದ್ದ ಮೇಲೆ ಏನಾದರು? ಅಭಿಮನ್ಯುವನ್ನು ಕಳೆದುಕೊಂಡ ಅರ್ಜುನ ಇನ್ನೊಬ್ಬ ಮಗನನ್ನು ಕಂಡಾಗ ಏನು ಮಾಡಿದ? ಕರ್ಣನ ಮಗ ಯಾರ ಪಕ್ಷ ಹಿಡಿದ? ಸೀತೆಯ ಮಕ್ಕಳು ಅಪ್ಪನ ಎದುರು ನಿಂತಾಗ ಏನಾಯಿತು?

ಯಕ್ಷಗಾನದಲ್ಲಿ ಆಡುವ ಕಥೆಗೆ ಪ್ರಸಂಗ ಎನ್ನುತ್ತೇವೆ. ಎಷ್ಟೋ ಒಳ್ಳೆಯ ಪ್ರಸಂಗಗಳು ಈ ಆಮೇಲಿನ ಕಥೆಯವು. ಹೊಸಬರು ಆಟ ನೋಡಲು ಶುರು ಮಾಡುವುದಾದರೆ ಇವುಗಳಿಂದಲೇ ಮಾಡಲಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಾತ್ರಗಳು ನಿಮಗೆ ಗೊತ್ತಿರುವವರೇ. ಮುಂದೆ ಏನಾಗುತ್ತದೆ ಎಂಬ ಕುತೂಹಲವೂ ಉಳಿದಿರುತ್ತದೆ. ಹೇಗೆ ಹೋಗಬೇಕು, ಏನು ಓದಿಕೊಂಡಿರಬೇಕು, ಕೂತ ಮೇಲೆ ಕಣ್ಣು ಕಿವಿ ಎಲ್ಲಿ ಇಡಬೇಕು ಎಂದು ಇಲ್ಲಿ ಬರೆದಿದ್ದೇನೆ.

ಮೊದಲು ಪ್ರಸಂಗ ಆರಿಸಿ, ಆಮೇಲೆ ಊರು

ಹೆಚ್ಚಿನವರು ಹತ್ತಿರದ ಊರಲ್ಲಿ ಯಾವ ಆಟ ಇದೆಯೋ ಅದಕ್ಕೆ ಹೋಗುತ್ತಾರೆ. ಅಭ್ಯಾಸ ಇದ್ದವರಿಗೆ ಅದು ಸರಿ. ಮೊದಲ ಸಲ ಹೋಗುವವರು ಪ್ರಸಂಗದ ಹೆಸರು ನೋಡಿ ಹೊರಡಬೇಕು.

ಮಹಾಭಾರತದ ಮುಂದಿನ ಕಥೆ ಬೇಕಿದ್ದರೆ ಧರ್ಮರಾಯನ ಅಶ್ವಮೇಧದ ಪ್ರಸಂಗಗಳನ್ನು ಹುಡುಕಿ. ಯುದ್ಧದಲ್ಲಿ ಬಂಧುಗಳನ್ನು ಕೊಂದ ಪಾಪ ಕಳೆಯಲಿ ಎಂದು ಧರ್ಮರಾಯ ಯಾಗ ಮಾಡಿಸುತ್ತಾನೆ. ಕುದುರೆ ಬಿಡುತ್ತಾರೆ. ಅದರ ಬೆನ್ನಿಗೆ ಅರ್ಜುನ ಹೊರಡುತ್ತಾನೆ. ಕುದುರೆ ಹೋದ ಊರೂರಲ್ಲಿ ಒಂದೊಂದು ಕಥೆ, ಒಂದೊಂದು ಪ್ರಸಂಗ. ಕನ್ನಡದಲ್ಲಿ ಇದರ ದೊಡ್ಡ ಆಧಾರ ಲಕ್ಷ್ಮೀಶ ಕವಿ ವಾರ್ಧಕ ಷಟ್ಪದಿಯಲ್ಲಿ ಬರೆದ ಜೈಮಿನಿ ಭಾರತ. ಪೋಸ್ಟರಿನಲ್ಲಿ ಸುಧನ್ವಾರ್ಜುನ, ಬಬ್ರುವಾಹನ ಕಾಳಗ, ತಾಮ್ರಧ್ವಜ ಕಾಳಗ, ಪ್ರಮೀಳಾರ್ಜುನ, ಚಂದ್ರಹಾಸ ಎಂದು ಕಂಡರೆ ಅದು ಈ ಕುದುರೆಯ ದಾರಿಯ ಕಥೆಯೇ.

ರಾಮಾಯಣದ ಮುಂದಿನ ಕಥೆಗೆ ಲವ ಕುಶರ ಪ್ರಸಂಗ ಇದೆ, ರಾಮ ನಿರ್ಯಾಣ ಇದೆ. ರಾಮ ನಿರ್ಯಾಣವನ್ನು ಮೊದಲ ಆಟವಾಗಿ ಇಟ್ಟುಕೊಳ್ಳಬೇಡಿ. ಅದರಲ್ಲಿ ಕುಣಿತ ಕಡಿಮೆ, ಮಾತು ಆಳ. ರಾಮ ಲಕ್ಷ್ಮಣನನ್ನು ಬಿಡಬೇಕಾದ ಗಳಿಗೆಯ ತೂಕ ತಟ್ಟಬೇಕಾದರೆ ಒಂದಷ್ಟು ಆಟ ನೋಡಿದ ಕಿವಿ ಬೇಕು.

ನನ್ನನ್ನು ಕೇಳಿದರೆ, ಮೊದಲ ಆಟಕ್ಕೆ ಬಬ್ರುವಾಹನನಷ್ಟು ಒಳ್ಳೆಯ ಪ್ರಸಂಗ ಇನ್ನೊಂದಿಲ್ಲ. ಕುಣಿತ, ಅಳು, ವಾದ, ಯುದ್ಧ ಎಲ್ಲ ಇದೆ. ಚಿಕ್ಕ ಮಕ್ಕಳಿಗೂ ಅರ್ಥವಾಗುತ್ತದೆ.

ಎಲ್ಲಿ, ಯಾವಾಗ

ಬಯಲಿನ ಆಟಗಳ ಕಾಲ ದೀಪಾವಳಿ ಕಳೆದ ಮೇಲೆ ಶುರುವಾಗಿ ಮಳೆ ಹಿಡಿಯುವ ಮೊದಲು ಮುಗಿಯುತ್ತದೆ. ಅಂದಾಜು ನವೆಂಬರಿನಿಂದ ಮೇ ತನಕ. ಮಳೆಗಾಲದಲ್ಲಿ ಸಭಾಭವನಗಳ ಒಳಗೆ ಆಟ, ವೇಷ ಕುಣಿತ ಇಲ್ಲದೆ ಕೂತು ನಡೆಸುವ ತಾಳಮದ್ದಳೆ ನಡೆಯುತ್ತವೆ. ಜಿಲ್ಲೆಯಲ್ಲಿ ಆಟದ ಬೇರು ಗಟ್ಟಿಯಾಗಿರುವುದು ಹೊನ್ನಾವರ, ಕುಮಟಾ ಮತ್ತು ಘಟ್ಟದ ಮೇಲಿನ ಸಿದ್ದಾಪುರ, ಶಿರಸಿ, ಯಲ್ಲಾಪುರದಲ್ಲಿ. ಕಾರವಾರದಲ್ಲಿ ಹೊನ್ನಾವರದಷ್ಟು ಆಟ ಸಿಗುವುದಿಲ್ಲ. ಅಲ್ಲಿರುವವರು ಅಂಕೋಲಾ, ಕುಮಟಾದ ಕಡೆಯ ಸುದ್ದಿಯ ಮೇಲೆ ಕಣ್ಣಿಟ್ಟಿರಬೇಕು.

ಹೊನ್ನಾವರದಿಂದ ದಕ್ಷಿಣಕ್ಕೆ ಇಡಗುಂಜಿಯ ಕಡೆ ಹೋದರೆ ಗುಣವಂತೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯ ಊರು ಇದು. ಆಟ ಕಲಿಸುವ ಕೇಂದ್ರವೂ ಇಲ್ಲಿದೆ. ಅಚ್ಚುಕಟ್ಟಾಗಿ, ಹದ ಮೀರದೆ ಆಡುವ ಆಟ ನೋಡಬೇಕು ಅನ್ನುವವರಿಗೆ ಕೆರೆಮನೆಯ ಹಾದಿಯೇ ಸರಿ. ಹೊನ್ನಾವರದ ಹತ್ತಿರದ ಕರ್ಕಿಯದ್ದು ಇನ್ನೂ ಹಳೆಯ ಪರಂಪರೆ, ಹಾಸ್ಯಗಾರ ಮನೆತನದ್ದು. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಹೊನ್ನಾವರ ತಾಲ್ಲೂಕಿನವರೇ. ಅವರ ಭಸ್ಮಾಸುರ, ಕೀಚಕ, ದುಷ್ಟಬುದ್ಧಿಯನ್ನು ಕಂಡವರು ಇವತ್ತಿಗೂ ಅದನ್ನೇ ಮಾತಾಡುತ್ತಾರೆ. ಒಂದೇ ತಾಲ್ಲೂಕಿನಲ್ಲಿ ಇಷ್ಟು ಬೇರೆ ಬೇರೆ ಬಗೆ ಬೆಳೆದಿದೆ. ಅದಕ್ಕೇ ಪ್ರಸಂಗದ ಹೆಸರಿನ ಜೊತೆಗೆ ಯಾವ ಮೇಳ (ತಂಡ), ಯಾರ ಭಾಗವತಿಕೆ (ಹಾಡುಗಾರಿಕೆ), ಯಾರ ಅರ್ಜುನ ಎಂದೂ ನೋಡಿಕೊಳ್ಳಿ.

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆಗ ನಾಟಕ ಕಂಪನಿಗಳ ಜೊತೆ ಯಕ್ಷಗಾನದ ಟೆಂಟೂ ಬರುತ್ತದೆ. ಜಾತ್ರೆಯ ಗದ್ದಲದಲ್ಲಿ ಆಟ ನೋಡುವ ಖುಷಿಯೇ ಬೇರೆ. ಆದರೆ ಸುತ್ತಲಿನ ಮೈಕುಗಳ ಸದ್ದಿನಲ್ಲಿ ಮಾತು ಸರಿಯಾಗಿ ಕೇಳುವುದಿಲ್ಲ. ಮೊದಲ ಆಟವನ್ನು ಸಭಾಭವನದಲ್ಲೋ ಹಳ್ಳಿಯ ದೇವಸ್ಥಾನದ ಅಂಗಳದಲ್ಲೋ ನೋಡಿ.

ಸುದ್ದಿ ಸಿಗುವುದು ಹೇಗೆ? ಬಸ್ ನಿಲ್ದಾಣದ ಗೋಡೆ, ಕಿರಾಣಿ ಅಂಗಡಿಯ ಬಾಗಿಲು, ಸೊಸೈಟಿಯ ಕಟ್ಟೆ. ಇಲ್ಲೆಲ್ಲ ಪೋಸ್ಟರ್ ಹಚ್ಚಿರುತ್ತಾರೆ. ಕರಾವಳಿಯ ಕನ್ನಡ ಪತ್ರಿಕೆಗಳಲ್ಲಿ ಆ ದಿನದ ಆಟಗಳ ಪಟ್ಟಿ ಬರುತ್ತದೆ. ಈಗಂತೂ ವಾಟ್ಸಾಪ್ ಗುಂಪುಗಳಲ್ಲಿ ಕರಪತ್ರ ಮೊದಲೇ ಓಡಾಡುತ್ತದೆ. ಕರಪತ್ರದಲ್ಲಿ ಕೊಟ್ಟ ಸಂಘಟಕರ ನಂಬರಿಗೆ ಹಿಂದಿನ ದಿನ ಒಂದು ಫೋನ್ ಮಾಡಿ. ಪ್ರಸಂಗ ಬದಲಾಗುವುದು, ಕಲಾವಿದರು ಬದಲಾಗುವುದು ಇದ್ದದ್ದೇ.

ಕಾಲಮಿತಿಯೋ, ಇಡೀ ರಾತ್ರಿಯೋ

ಈಗ ಆಟ ಎರಡು ಥರ ನಡೆಯುತ್ತದೆ. ಕಾಲಮಿತಿ ಆಟ ಸಂಜೆ ಶುರುವಾಗಿ ಮಧ್ಯರಾತ್ರಿಯೊಳಗೆ ಮುಗಿಯುತ್ತದೆ. ಇಡೀ ರಾತ್ರಿಯ ಆಟ ಊಟದ ನಂತರ ಶುರುವಾಗಿ ಬೆಳಕು ಹರಿಯುವ ತನಕ. ಅದರಲ್ಲಿ ಹೆಚ್ಚಾಗಿ ಎರಡು ಮೂರು ಪ್ರಸಂಗ ಇರುತ್ತವೆ.

ಮೊದಲ ಸಲಕ್ಕೆ ಒಂದೇ ಪ್ರಸಂಗದ ಕಾಲಮಿತಿ ಆಟ ಸಾಕು. ಒಂದು ರಾತ್ರಿಯಲ್ಲಿ ಮೂರು ಕಥೆ ಕೇಳಿದರೆ ಹೊಸಬರಿಗೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಕಾಲಮಿತಿಯಲ್ಲಿ ಕತ್ತರಿ ಮೊದಲು ಬೀಳುವುದು ಕಥೆಗೆ ಮುಂಚಿನ ಪೂರ್ವರಂಗಕ್ಕೆ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳು ಅವಸರದಲ್ಲಿ ಬಂದು ಹೋಗುತ್ತವೆ, ಇಲ್ಲವೇ ಬರುವುದೇ ಇಲ್ಲ. ಪಾತ್ರ ಮೊದಲು ರಂಗಕ್ಕೆ ಬರುವ ಒಡ್ಡೋಲಗವೂ ಚಿಕ್ಕದಾಗುತ್ತದೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಪಾತ್ರ ತೆರೆಯ ಹಿಂದೆ ನಿಂತು, ಸ್ವಲ್ಪ ಸ್ವಲ್ಪವೇ ಕಾಣಿಸಿಕೊಂಡು, ಆಮೇಲೆ ಪೂರ್ತಿ ಎದುರಾಗುವ ಒಡ್ಡೋಲಗವನ್ನು ನಿಧಾನವಾಗಿ ನೋಡಿದರೇ ಆ ಪಾತ್ರ ಎಂಥದ್ದು ಎಂದು ತಿಳಿಯುವುದು. ಎರಡನೆಯ ಸಲವಾದರೂ ಇಡೀ ರಾತ್ರಿಯ ಆಟಕ್ಕೆ ಹೋಗಿ.

ಹೊರಡುವ ಮೊದಲು ಕಥೆ ಎಷ್ಟು ಗೊತ್ತಿರಬೇಕು

ಪ್ರಸಂಗ ಎಲ್ಲಿ ಶುರುವಾಗುತ್ತದೋ ಅಲ್ಲಿಯ ತನಕದ ಕಥೆ ಚೆನ್ನಾಗಿ ಗೊತ್ತಿರಲಿ. ಅಲ್ಲಿಂದ ಮುಂದಿನದನ್ನು ರಂಗದ ಮೇಲೆಯೇ ನೋಡಿ.

ಬಬ್ರುವಾಹನನಿಗೆ ಹೋಗುವವರು ನಾಲ್ಕು ಸಂಗತಿ ನೆನಪು ಮಾಡಿಕೊಂಡರೆ ಸಾಕು. ಅರ್ಜುನ ತೀರ್ಥಯಾತ್ರೆಯ ಕಾಲದಲ್ಲಿ ನಾಗಕನ್ಯೆ ಉಲೂಪಿಯನ್ನೂ ಮಣಿಪುರದ ಚಿತ್ರಾಂಗದೆಯನ್ನೂ ಮದುವೆಯಾಗಿದ್ದ. ಚಿತ್ರಾಂಗದೆಯ ಮಗ ಬಬ್ರುವಾಹನ ಅಪ್ಪನ ಹತ್ತಿರ ಬೆಳೆದವನಲ್ಲ. ಅರ್ಜುನನಿಗೆ ಸುಭದ್ರೆಯಲ್ಲಿ ಹುಟ್ಟಿದ ಅಭಿಮನ್ಯು ಹದಿಮೂರನೆಯ ದಿನ ಚಕ್ರವ್ಯೂಹದಲ್ಲಿ ಒಂಟಿಯಾಗಿ ಸತ್ತ. ಭೀಷ್ಮರು ಬಿದ್ದದ್ದು ಶಿಖಂಡಿಯನ್ನು ಮುಂದಿಟ್ಟುಕೊಂಡು ಅರ್ಜುನ ಬಿಟ್ಟ ಬಾಣಗಳಿಂದ.

ಈ ಕೊನೆಯದನ್ನು ಬಹಳ ಜನ ಮರೆತಿರುತ್ತಾರೆ. ಯಾಗದ ಕುದುರೆಯ ದಾರಿಯಲ್ಲಿ ಮಾಹಿಷ್ಮತಿಯ ರಾಜ ನೀಲಧ್ವಜ ಅರ್ಜುನನಿಗೆ ಶರಣಾದಾಗ ಅವನ ಹೆಂಡತಿ ಜ್ವಾಲೆ ಒಪ್ಪುವುದಿಲ್ಲ. ಅವಳು ಹೋಗಿ ಗಂಗೆಯನ್ನು ಕೆಣಕುತ್ತಾಳೆ. ನಿನ್ನ ಮಗನನ್ನು ಮೋಸದಿಂದ ಕೆಡವಿದವನು ಹಾಯಾಗಿ ತಿರುಗುತ್ತಿದ್ದಾನೆ ಎಂದು. ಗಂಗೆ ಅರ್ಜುನನನ್ನು ಶಪಿಸುತ್ತಾಳೆ. ಜ್ವಾಲೆ ಬೆಂಕಿಗೆ ಬಿದ್ದು ಬಾಣವಾಗಿ ಬಬ್ರುವಾಹನನ ಬತ್ತಳಿಕೆ ಸೇರುತ್ತಾಳೆ. ಅಂದರೆ ಕುರುಕ್ಷೇತ್ರದ ಸಾಲ ಮಣಿಪುರದಲ್ಲಿ ತೀರುತ್ತದೆ. ಇಷ್ಟು ಗೊತ್ತಿದ್ದು ಹೋದರೆ ಅಪ್ಪ ಮಗನ ಜಗಳದ ಹಿಂದೆ ಇನ್ನೊಬ್ಬ ತಾಯಿಯ ಸಿಟ್ಟು ಇರುವುದು ಕಾಣುತ್ತದೆ.

ಲವ ಕುಶರ ಆಟಕ್ಕೆ ಹೋಗುವವರಿಗೆ ಒಂದು ಮಾತು. ಉತ್ತರಕಾಂಡದಲ್ಲಿ ಸೀತೆ ಭೂಮಿಯೊಳಗೆ ಹೋಗುತ್ತಾಳೆ. ಜೈಮಿನಿ ಭಾರತದ ಕಥೆಯಲ್ಲಿ ಅವಳು ಮಕ್ಕಳೊಂದಿಗೆ ರಾಮನನ್ನು ಸೇರುತ್ತಾಳೆ. ಕೊನೆ ಯಾವುದೆಂದು ಪೋಸ್ಟರ್ ನೋಡಿ ಹೇಳಲಾಗದು. ಮಕ್ಕಳನ್ನು ಕರೆದುಕೊಂಡು ಹೋಗುವವರು ಎರಡಕ್ಕೂ ಅವರನ್ನು ತಯಾರು ಮಾಡಿ.

ಚೀಲದಲ್ಲಿ ಏನಿರಲಿ, ದಾರಿ ಹೇಗೆ

ಘಟ್ಟದ ಮೇಲೆ ಡಿಸೆಂಬರ್, ಜನವರಿಯ ರಾತ್ರಿ ಚಳಿ ಚೆನ್ನಾಗಿಯೇ ಇರುತ್ತದೆ. ಕಂಬಳಿ, ಕಿವಿ ಮುಚ್ಚುವ ಟೊಪ್ಪಿ ಬೇಕು. ಕರಾವಳಿಯಲ್ಲಿ ಚಳಿ ಕಡಿಮೆ. ಆದರೆ ಬಯಲಲ್ಲಿ ಕೂತರೆ ತಲೆಯ ಮೇಲೆ ಇಬ್ಬನಿ ಬೀಳುತ್ತದೆ, ಒಂದು ಶಾಲು ಇರಲಿ. ನೆಲದ ಮೇಲೆ ಕೂರುವಂತಿದ್ದರೆ ಚಾಪೆ. ನೀರು, ಟಾರ್ಚು. ತಿನ್ನಲು ಹೊತ್ತುಕೊಂಡು ಹೋಗಬೇಕಿಲ್ಲ. ಆಟ ಇದ್ದಲ್ಲಿ ಮಂಡಕ್ಕಿ, ಶೇಂಗಾ, ಭಜಿ, ಚಹಾ ಸಿಕ್ಕೇ ಸಿಗುತ್ತದೆ. ರಾತ್ರಿ ಊಟ ಮಾತ್ರ ಹಗುರವಾಗಿರಲಿ, ಇಲ್ಲದಿದ್ದರೆ ಒಡ್ಡೋಲಗಕ್ಕೇ ಕಣ್ಣು ಎಳೆಯುತ್ತದೆ.

ಬಸ್ಸಿನ ವಿಷಯದಲ್ಲಿ ಇಡೀ ರಾತ್ರಿಯ ಆಟವೇ ಅನುಕೂಲ. ಮಂಗಳ ಹಾಡುವ ಹೊತ್ತಿಗೆ ಬೆಳಗಿನ ಮೊದಲ ಬಸ್ಸು ಹೊರಡುತ್ತದೆ. ಕಾಲಮಿತಿ ಆಟ ಮುಗಿಯುವ ಹೊತ್ತಿಗೆ ಹಳ್ಳಿಯ ಕಡೆಯ ಬಸ್ಸು ಹೋಗಿಯಾಗಿರುತ್ತದೆ. ಹಾಗಾಗಿ ವಾಪಸ್ ಬರುವ ಗಾಡಿಯ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವವರು ನಿದ್ದೆಗಣ್ಣಿನಲ್ಲಿ ಗಾಡಿ ಓಡಿಸಬೇಡಿ. ಕುಮಟಾದಲ್ಲೇ ಉಳಿದು ಬೆಳಿಗ್ಗೆ ಹತ್ತಿ. ಕಾರವಾರ, ಅಂಕೋಲಾದವರಿಗೆ ಕೊಂಕಣ ರೈಲು ಇದೆ. ಹೊನ್ನಾವರದ ರೈಲು ನಿಲ್ದಾಣ ಊರಿನಿಂದ ಸ್ವಲ್ಪ ಹೊರಗೆ ಇರುವುದರಿಂದ ರಿಕ್ಷಾ ಬೇಕಾಗುತ್ತದೆ.

ಬೇಗ ಹೋಗಿ, ಚೌಕಿ ನೋಡಿ

ಆಟಕ್ಕೆ ಎರಡು ತಾಸು ಮೊದಲೇ ಜಾಗ ಸೇರಿದರೆ ಚೌಕಿ ನೋಡಬಹುದು. ಕಲಾವಿದರು ಬಣ್ಣ ಹಚ್ಚಿಕೊಂಡು ವೇಷ ಕಟ್ಟುವ ಜಾಗ ಅದು. ಅಲ್ಲಿ ಗಣಪತಿ ಪೂಜೆ ನಡೆಯುತ್ತದೆ, ಹಾಗಾಗಿ ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಹೋಗುವ ಮೊದಲು ಯಾರನ್ನಾದರೂ ಕೇಳಿ. ಬಣ್ಣ ಹಚ್ಚುತ್ತಿರುವವರನ್ನು ಮಾತಾಡಿಸಬೇಡಿ. ಆ ಹೊತ್ತಿನಲ್ಲಿ ಅವರು ಪಾತ್ರದೊಳಗೆ ಇಳಿಯುತ್ತಿರುತ್ತಾರೆ. ಮಕ್ಕಳಿಗೆ ಇದನ್ನು ತಪ್ಪದೆ ತೋರಿಸಿ. ಶರ್ಟು ಬಿಚ್ಚಿ ಕೂತ ಮನುಷ್ಯ ನೋಡುನೋಡುತ್ತಿದ್ದಂತೆ ಅರ್ಜುನ ಆಗುತ್ತಾನೆ. ಹೀಗೆ ನೋಡಿದ ಮಗು ರಂಗದಲ್ಲಿ ಆ ವೇಷವನ್ನು ಕಂಡಾಗ ಹೆದರುವುದಿಲ್ಲ, ಹೆಸರು ಹಿಡಿದು ಗುರುತಿಸುತ್ತದೆ.

ತಲೆಗೆ ಕಟ್ಟುವುದನ್ನು ಗಮನಿಸಿ. ನಮ್ಮ ಕಡೆಯ ಶೈಲಿಯಾದ ಬಡಗುತಿಟ್ಟಿನಲ್ಲಿ ದೊಡ್ಡ ರಾಜರಿಗೆ ಕಿರೀಟ. ಅರ್ಜುನ, ಕರ್ಣರಂಥ ವೀರರಿಗೆ ದೊಡ್ಡ ಮುಂಡಾಸು. ಅಭಿಮನ್ಯು, ಬಬ್ರುವಾಹನರಂಥ ಹುಡುಗರಿಗೆ ಕೇದಗೆ ಮುಂದಲೆ. ಅಭಿಮನ್ಯುವಿಗೂ ಬಬ್ರುವಾಹನನಿಗೂ ಒಂದೇ ಬಗೆಯ ವೇಷ ಎನ್ನುವುದನ್ನು ನೆನಪಿಡಿ. ಸತ್ತ ಮಗನದೇ ರೂಪ ಎದುರಿಗೆ ನಿಂತಿದೆ ಎಂದು ಅರ್ಜುನನಿಗೆ ಅನ್ನಿಸುವ ಮೊದಲೇ ನೋಡುವವರಿಗೆ ಅನ್ನಿಸುತ್ತದೆ.

ಎಲ್ಲಿ ಕೂರಬೇಕು

ತೀರಾ ಮುಂದೆ ಬೇಡ, ಧ್ವನಿವರ್ಧಕದ ಎದುರಂತೂ ಬೇಡವೇ ಬೇಡ. ಚಂಡೆಯ ಪೆಟ್ಟು ಮೈಕಿನಲ್ಲಿ ಬಂದರೆ ತಾಸಿನೊಳಗೆ ತಲೆ ನೋಯುತ್ತದೆ. ನಾಲ್ಕೈದನೆಯ ಸಾಲು, ನಡುವೆ. ಅಲ್ಲಿಂದ ಎರಡು ಕಾಣಬೇಕು: ಪಾತ್ರದ ಮುಖ, ಹಿಂದೆ ಕೂತ ಭಾಗವತರ ಕೈ.

ಪಕ್ಕದಲ್ಲಿ ವಯಸ್ಸಾದವರು ಯಾರಾದರೂ ಇದ್ದರೆ ಅದೇ ಒಳ್ಳೆಯ ಜಾಗ. ಪದ್ಯ ಬಾಯಿಪಾಠ ಇರುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಪದ್ಯ ಮುಗಿದ ಮೇಲೆ ಮೆಲ್ಲಗೆ ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ಆಟ ಶುರುವಾದ ಮೇಲೆ: ಮೊದಲು ಪದ್ಯ ಕೇಳಿ

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಹೊಸಬರ ಕಣ್ಣು ಕುಣಿತದ ಮೇಲೆ ಇರುತ್ತದೆ. ಅದು ಸಹಜ. ಆದರೆ ಯಕ್ಷಗಾನದಲ್ಲಿ ಎಲ್ಲವೂ ಹುಟ್ಟುವುದು ಪದ್ಯದಿಂದ. ಭಾಗವತರು ಪದ್ಯ ಎತ್ತುತ್ತಾರೆ. ಮದ್ದಳೆ, ಚಂಡೆ ಸೇರಿಕೊಳ್ಳುತ್ತವೆ. ಪಾತ್ರಧಾರಿ ಆ ಪದ್ಯಕ್ಕೆ ಕುಣಿಯುತ್ತಾರೆ, ಅದರ ಭಾವವನ್ನು ಮುಖದಲ್ಲಿ, ಕೈಯಲ್ಲಿ ತೋರಿಸುತ್ತಾರೆ. ಪದ್ಯ ಮುಗಿದ ಮೇಲೆ ಅದನ್ನೇ ಹಿಡಿದು ಮಾತು ಬೆಳೆಸುತ್ತಾರೆ. ಆ ಮಾತಿಗೆ ಅರ್ಥ ಎನ್ನುತ್ತೇವೆ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಅರ್ಥವನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಅಲ್ಲಿಯೇ, ಆ ಗಳಿಗೆಯಲ್ಲಿ, ಎದುರಿನ ಪಾತ್ರ ಏನು ಹೇಳಿತೋ ಅದಕ್ಕೆ ತಕ್ಕಂತೆ ಹುಟ್ಟುತ್ತದೆ.

ಹೀಗಾಗಿ ಪದ್ಯದ ನಾಲ್ಕು ಪದ ಕಿವಿಗೆ ಬಿದ್ದರೂ ಸಾಕು, ಮುಂದಿನ ಕುಣಿತ ಮತ್ತು ಮಾತು ಎರಡೂ ತೆರೆದುಕೊಳ್ಳುತ್ತವೆ. ಮೊದಲ ಸಾಲನ್ನು ಭಾಗವತರು ಮತ್ತೆ ಮತ್ತೆ ಹಾಡುತ್ತಾರೆ. ಮೊದಲ ಸಲ ತಪ್ಪಿದರೆ ಎರಡನೆಯ ಸಲ ಹಿಡಿಯಿರಿ. ಯಾರು ಯಾರಿಗೆ ಹೇಳುತ್ತಿದ್ದಾರೆ ಎನ್ನುವುದು ಹೆಚ್ಚಾಗಿ ಅಲ್ಲೇ ಇರುತ್ತದೆ.

ಚಂಡೆಯ ಅಬ್ಬರ ನಿಂತು, ತಾಳವೂ ನಿಂತು, ಭಾಗವತರ ದನಿಯೊಂದೇ ಎದ್ದರೆ ಅದು ಭಾಮಿನಿ ಷಟ್ಪದಿಯೋ ವಾರ್ಧಕ ಷಟ್ಪದಿಯೋ ಇರಬೇಕು. ಅಂಥಲ್ಲಿ ಕಥೆ ಒಂದು ತಿರುವಿಗೆ ಬಂದಿರುತ್ತದೆ. ಮಾತಾಡುತ್ತಿದ್ದರೆ ನಿಲ್ಲಿಸಿ, ಮಂಡಕ್ಕಿ ಪೊಟ್ಟಣ ಪಕ್ಕಕ್ಕಿಡಿ.

ರಂಗದ ಮೇಲೆ ಸಾಮಾನು ಏನೂ ಇರುವುದಿಲ್ಲ. ಒಂದು ಪೀಠ, ಅದಕ್ಕೇ ರಥ ಎನ್ನುತ್ತೇವೆ. ಅದು ಸಿಂಹಾಸನವೂ ಹೌದು, ತೇರೂ ಹೌದು. ಪಾತ್ರ ಒಂದು ಸುತ್ತು ಬಂದರೆ ಹಸ್ತಿನಾವತಿಯಿಂದ ಮಣಿಪುರಕ್ಕೆ ತಲುಪಿದ ಹಾಗೆ. ಇದಕ್ಕೆ ಹೊಂದಿಕೊಳ್ಳಲು ಹೊಸಬರಿಗೆ ಅರ್ಧ ತಾಸು ಬೇಕು. ಆ ಅರ್ಧ ತಾಸು ಬೇಸರ ಬಂದರೂ ಎದ್ದು ಹೋಗಬೇಡಿ.

ಈಗ ಬಬ್ರುವಾಹನನ ಮುಖ್ಯ ಗಳಿಗೆಗೆ ಬರೋಣ. ಯಾಗದ ಕುದುರೆಯನ್ನು ಕಟ್ಟಿದ ಮೇಲೆ ಅದು ಅಪ್ಪನದೆಂದು ಹುಡುಗನಿಗೆ ತಾಯಿಯಿಂದ ತಿಳಿಯುತ್ತದೆ. ಕಾಣಿಕೆ ಹೊತ್ತು ಬಂದು ಅರ್ಜುನನ ಕಾಲಿಗೆ ಬೀಳುತ್ತಾನೆ. ಅರ್ಜುನ ಒದೆಯುತ್ತಾನೆ. ನನ್ನ ಮಗ ಅಂದರೆ ಅಭಿಮನ್ಯು, ಹೀಗೆ ಹೆದರಿ ಕುದುರೆ ತಂದೊಪ್ಪಿಸುವ ನೀನು ನನ್ನ ಮಗನಲ್ಲ ಎನ್ನುತ್ತಾನೆ. ತಾಯಿಯ ಶೀಲಕ್ಕೂ ಮಾತು ಹೋಗುತ್ತದೆ. ಅಲ್ಲಿಂದ ಹುಡುಗ ಬೇರೆಯೇ ಆಗುತ್ತಾನೆ.

ಕಥೆ ಇಷ್ಟೇ. ಆದರೆ ಅರ್ಜುನ ಹಾಗೆ ಯಾಕೆ ಮಾಡಿದ? ಇದನ್ನು ಪಾತ್ರಧಾರಿ ತೀರ್ಮಾನಿಸಬೇಕು. ಒಬ್ಬರ ಅರ್ಜುನ ಗೆದ್ದು ಗೆದ್ದು ಸೊಕ್ಕಿದವನು. ಇನ್ನೊಬ್ಬರ ಅರ್ಜುನನಿಗೆ ಅಭಿಮನ್ಯುವಿನ ದುಃಖ ಆರಿಲ್ಲ. ಆ ಜಾಗದಲ್ಲಿ ಇನ್ನೊಬ್ಬ ಹುಡುಗ ಬಂದು ಅಪ್ಪಾ ಎಂದಾಗ ತಡೆದುಕೊಳ್ಳಲಾರ. ಮತ್ತೊಬ್ಬರು ಮಗನ ಶೌರ್ಯವನ್ನು ಕೆರಳಿಸಿ ನೋಡಲು ಬೇಕೆಂದೇ ಹಾಗೆ ಮಾಡುತ್ತಾರೆ. ಗಂಗೆಯ ಶಾಪ ಆಡಿಸಿದಂತೆ ಆಡುವ ಅರ್ಜುನನೂ ಇರಬಹುದು. ಪದ್ಯ ಒಂದೇ, ಅರ್ಥ ಬೇರೆ ಬೇರೆ. ಒಂದೇ ಪ್ರಸಂಗವನ್ನು ನಮ್ಮ ಜನ ಜೀವನವಿಡೀ ನೋಡುವುದು ಇದಕ್ಕಾಗಿಯೇ. ಕಾಲಿಗೆ ಬಿದ್ದ ಹುಡುಗನನ್ನು ನೋಡುವಾಗ ಅರ್ಜುನನ ಕಣ್ಣನ್ನೇ ನೋಡಿ. ಒದೆಯುವ ಮೊದಲು ಒಂದು ಕ್ಷಣ ತಡೆಯುತ್ತಾನೋ, ಇಲ್ಲವೋ? ಒಳ್ಳೆಯ ಕಲಾವಿದ ಎಲ್ಲವನ್ನೂ ಅಲ್ಲಿ ಇಟ್ಟಿರುತ್ತಾನೆ.

ವೃಷಕೇತುವನ್ನೂ ಮರೆಯಬೇಡಿ. ಇವನು ಕರ್ಣನ ಮಗ. ಅಪ್ಪನನ್ನು ಕೊಂದ ಅರ್ಜುನನ ಪಕ್ಕದಲ್ಲೇ ನಿಂತು, ಅವನಿಗಾಗಿ ಹೋರಾಡಿ ಸಾಯುತ್ತಾನೆ. ಅರ್ಜುನ ಒಬ್ಬ ಮಗನನ್ನು ದೂರ ತಳ್ಳುವಾಗ ತಾನು ಕೊಂದ ಕರ್ಣನ ಮಗ ಮಗನಂತೆ ಬಳಿಯಲ್ಲಿರುತ್ತಾನೆ. ಕಾಲಮಿತಿ ಆಟದಲ್ಲಿ ಈ ಪಾತ್ರವನ್ನು ಮೊಟಕು ಮಾಡುವುದುಂಟು. ಪೂರ್ತಿ ಇರುವ ಆಟ ಸಿಕ್ಕರೆ ಅದನ್ನು ಬಿಡಬೇಡಿ.

ಯುದ್ಧದಲ್ಲಿ ಅರ್ಜುನ ಸಾಯುತ್ತಾನೆ. ಚಿತ್ರಾಂಗದೆ ಮಗನನ್ನು ಬೈಯುವ ಭಾಗದಲ್ಲಿ ಸ್ತ್ರೀವೇಷಧಾರಿಯ ಶಕ್ತಿ ಗೊತ್ತಾಗುತ್ತದೆ. ಉಲೂಪಿಯ ಮಾತಿನಂತೆ ಪಾತಾಳದಿಂದ ಸಂಜೀವಕ ಮಣಿ ತರಬೇಕಾಗುತ್ತದೆ. ಧೃತರಾಷ್ಟ್ರನೆಂಬ ನಾಗನ ಮಕ್ಕಳು ಅರ್ಜುನನ ತಲೆಯನ್ನೇ ಕದಿಯುತ್ತಾರೆ. ಕೊನೆಗೆ ಕೃಷ್ಣ ಬರುತ್ತಾನೆ. ಉಳಿದದ್ದನ್ನು ಅಲ್ಲಿಯೇ ನೋಡಿ.

ಚಪ್ಪಾಳೆ, ಫೋನು, ನಿದ್ದೆ

ಬಡಗಿನಲ್ಲಿ ಮಂಡಿ ಹಾಕಿ ತಿರುಗುವಾಗ ಜನ ಚಪ್ಪಾಳೆ ಹೊಡೆಯುತ್ತಾರೆ. ನೀವೂ ಹೊಡೆಯಿರಿ. ಆದರೆ ಪದ್ಯದ ನಡುವೆ ಕೂಗಿ, ಸಿಳ್ಳೆ ಹಾಕಿ ಇನ್ನೊಮ್ಮೆ ಮಾಡಿ ಎಂದು ಒತ್ತಾಯಿಸುವುದು ನನಗೆ ಸರಿ ಕಾಣುವುದಿಲ್ಲ. ಕಲಾವಿದ ಆ ಕೂಗಿಗಾಗಿ ಕುಣಿಯಲು ಶುರು ಮಾಡಿದರೆ ಪಾತ್ರ ಕೈಬಿಟ್ಟು ಹೋಗುತ್ತದೆ. ಒಳ್ಳೆಯ ಅರ್ಥಕ್ಕೆ, ಒಂದು ಒಳ್ಳೆಯ ಮಾತಿಗೆ ಚಪ್ಪಾಳೆ ತಟ್ಟುವ ಪ್ರೇಕ್ಷಕರು ಜಾಸ್ತಿ ಆಗಬೇಕು.

ಫೋನಿನ ಫ್ಲ್ಯಾಷ್ ಬೇಡ. ಇಡೀ ಆಟ ರೆಕಾರ್ಡ್ ಮಾಡುವುದಿದ್ದರೆ ಮೇಳದವರನ್ನು ಕೇಳಿ. ನಿದ್ದೆ ಬಂದರೆ ಮಲಗಿ, ಅದು ಅವಮಾನವಲ್ಲ. ಪಕ್ಕದವರಿಗೆ ಮುಖ್ಯ ವೇಷ ಬಂದಾಗ ಎಬ್ಬಿಸಿ ಎಂದು ಹೇಳಿಟ್ಟರೆ ಎಬ್ಬಿಸುತ್ತಾರೆ. ಬಯಲಾಟಕ್ಕೆ ಬರುವ ಅರ್ಧ ಜನ ಮಾಡುವುದು ಹೀಗೆಯೇ.

ಮಂಗಳವಾದ ಮೇಲೆ

ಮಂಗಳ ಹಾಡುವ ತನಕ ಏಳಬೇಡಿ. ಆಮೇಲೆ ಬಣ್ಣ ತೆಗೆಯುತ್ತಿರುವ ಕಲಾವಿದರಿಗೆ ಎರಡು ಮಾತು ಹೇಳಿ ಬನ್ನಿ. ಚೆನ್ನಾಗಿತ್ತು ಎಂದು ಸುಮ್ನೆ ಹೇಳುವ ಬದಲು ಯಾವ ಜಾಗ ಇಷ್ಟವಾಯಿತು ಎಂದು ಹೇಳಿ. ರಾತ್ರಿಯಿಡೀ ಕುಣಿದವರಿಗೆ ಅದು ಬಹಳ ದೊಡ್ಡದು.

ಈ ಕಥೆಯನ್ನೇ ಮುಂದುವರಿಸಿ ನೋಡಬೇಕೆಂದರೆ ಕುದುರೆ ಹೋದ ದಾರಿಯಲ್ಲಿ ಹೋಗಿ. ಲಕ್ಷ್ಮೀಶನ ಕಥೆಯಲ್ಲಿ ಭದ್ರಾವತಿಯ ಯೌವನಾಶ್ವನಿಂದ ಕುದುರೆ ತರುವುದು ಮೊದಲು. ಆಮೇಲೆ ಮಾಹಿಷ್ಮತಿಯ ನೀಲಧ್ವಜ ಮತ್ತು ಜ್ವಾಲೆ. ನಂತರ ಚಂಪಕಾಪುರಿಯ ಹಂಸಧ್ವಜ, ಅವನ ಮಗ ಸುಧನ್ವ. ಕಾಯಿಸಿದ ಎಣ್ಣೆಯ ಕೊಪ್ಪರಿಗೆಗೆ ಹಾಕಿದರೂ ಬದುಕಿ ಬಂದು ಅರ್ಜುನನನ್ನು ಎದುರಿಸುವವನು. ಮುಂದೆ ಪ್ರಮೀಳೆಯ ಸ್ತ್ರೀರಾಜ್ಯ, ಆಮೇಲೆ ಮಣಿಪುರ. ಅಪ್ಪ ಮಗ ಹಿಂದೆಯೂ ಹೀಗೆ ಹೋರಾಡಿದ್ದುಂಟೇ ಎಂಬ ಪ್ರಶ್ನೆಗೆ ಉತ್ತರವಾಗಿ ಕುಶಲವರ ಕಥೆ ಅಲ್ಲೇ ಬರುತ್ತದೆ. ಮುಂದೆ ತಾಮ್ರಧ್ವಜ, ಆಮೇಲೆ ಚಂದ್ರಹಾಸ. ಈ ವರಸೆಯಲ್ಲೇ ಆಟಗಳು ಸಿಗುವುದಿಲ್ಲ. ಸಿಕ್ಕಿದ್ದನ್ನು ನೋಡಿ, ದಾರಿಯ ಯಾವ ಜಾಗದ್ದು ಎಂದು ಮನಸ್ಸಿನಲ್ಲಿ ಹೊಂದಿಸಿಕೊಂಡರೆ ಆಯಿತು. ಸುಧನ್ವನನ್ನು ಬಬ್ರುವಾಹನನಿಗಿಂತ ಮೊದಲು ನೋಡಲು ಸಿಕ್ಕರೆ ಒಳ್ಳೆಯದು. ಭಕ್ತನಾದ ಹುಡುಗನನ್ನು ಕೊಂದು ಬಂದ ಅರ್ಜುನನೇ ಮಣಿಪುರಕ್ಕೆ ಬಂದಿದ್ದಾನೆ ಎಂಬುದು ಆಗ ಗೊತ್ತಿರುತ್ತದೆ.

ಮಳೆಗಾಲ ಬಂತೆಂದು ಬಿಟ್ಟುಬಿಡಬೇಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆ, ಮಠ, ಸಭಾಭವನಗಳಲ್ಲಿ ತಾಳಮದ್ದಳೆ ನಡೆಯುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು, ಮದ್ದಳೆ, ಚಂಡೆ, ಕೂತು ಮಾತಾಡುವ ಅರ್ಥಧಾರಿಗಳು, ಅಷ್ಟೇ. ಹೆಚ್ಚಾಗಿ ಪ್ರವೇಶ ಉಚಿತ, ಹಲವು ಕಡೆ ಚಹಾ ತಿಂಡಿಯೂ ಉಂಟು. ಬೇಸಿಗೆಯಲ್ಲಿ ಬಬ್ರುವಾಹನನ ಆಟ ನೋಡಿದವರು ಅದೇ ಪ್ರಸಂಗದ ತಾಳಮದ್ದಳೆ ಎಲ್ಲಿದೆ ಎಂದು ಹುಡುಕಿ ಹೋಗಿ. ಅರ್ಜುನನ ಅರ್ಥ ಯಾರದು, ಬಬ್ರುವಾಹನನ ಅರ್ಥ ಯಾರದು ಎಂದು ಕರಪತ್ರದಲ್ಲೇ ಹಾಕಿರುತ್ತಾರೆ.